ಜಕ್ಕೂರು: ನೆಲ ಮುಟ್ಟುವ ಪಾಠ

ಸೈದಾಪುರದಿಂದ ಬೆಂಗಳೂರಿಗೆ ಹೊರಟ ರೈಲು ರಾಯಚೂರು, ಗುಂತಕಲ್, ಹಿಂದೂಪುರ ದಾಟಿ ಯಲಹಂಕದ ಕಡೆಯಿಂದ ನಗರವನ್ನು ಸೇರುತ್ತದೆ. ಯಲಹಂಕದ ಸಮೀಪದಲ್ಲೇ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಜಕ್ಕೂರಿನ ಪುಟ್ಟ ವಿಮಾನ ಮೈದಾನವಿದೆ. ದೇವನಹಳ್ಳಿಗೆ ಧಾವಿಸುವವರ ಕಣ್ಣಿಗೆ ಇದು ಬೀಳುವುದೇ ಅಪರೂಪ. ಜಯಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1940ರ ದಶಕದ ಕೊನೆಗೆ ಆರಂಭವಾದ ಈ ಮೈದಾನದಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಎಷ್ಟೋ ಮಂದಿಗೆ ಹಾರಲು ಕಲಿಸಿದೆ.

ಹಾರಲು ಎನ್ನುವುದಕ್ಕಿಂತ ಇಳಿಯಲು ಎನ್ನುವುದೇ ಸರಿ. ಸಣ್ಣ ವಿಮಾನವನ್ನು ಮೇಲೇರಿಸುವುದು ಬೇಗ ಕೈಗೆ ಹತ್ತುತ್ತದೆ. ಇಳಿಸುವುದು ಹತ್ತುವುದಿಲ್ಲ. ವೇಗ ಹೆಚ್ಚಾದರೆ ವಿಮಾನ ನೆಲ ಮುಟ್ಟದೆ ತೇಲುತ್ತಾ ಹೋಗುತ್ತದೆ. ಮೂತಿಯನ್ನು ಬೇಗ ಎತ್ತಿದರೆ ವೇಗ ಕಳೆದುಕೊಂಡು ದೊಪ್ಪನೆ ಬೀಳುತ್ತದೆ. ಮುಂಗಾಲಿ ಮೊದಲು ತಗುಲಿದರೆ ಚೆಂಡಿನಂತೆ ಪುಟಿಯುತ್ತದೆ. ಗಾಬರಿಯಾದ ವಿದ್ಯಾರ್ಥಿ ಮೂತಿಯನ್ನು ಕೆಳಕ್ಕೆ ಒತ್ತಿದರೆ ಎರಡನೆಯ ಪುಟಿತ ಇನ್ನೂ ಜೋರು. ಮುಂಗಾಲಿ ಮುರಿದು, ಪ್ರೊಪೆಲ್ಲರ್ ನೆಲಕ್ಕೆ ಬಡಿಯುವುದು ಆಗಲೇ.

ಜಕ್ಕೂರಿಗೆ ತನ್ನದೇ ತೊಡಕುಗಳಿವೆ. ಸುಮಾರು 3,000 ಅಡಿ ಎತ್ತರದ ತೆಳು ಗಾಳಿಯಲ್ಲಿ, ವೇಗಸೂಚಿ ತೋರುವುದಕ್ಕಿಂತ ಜೋರಾಗಿ ವಿಮಾನ ನೆಲದತ್ತ ಬರುತ್ತದೆ. ಪಕ್ಕದಲ್ಲೇ ಮೇಲುಸೇತುವೆ ಎದ್ದ ಮೇಲೆ ರನ್‌ವೇಯ ಬಳಕೆಯ ಉದ್ದವೂ ಕುಗ್ಗಿತು.

ವಿಮಾನ ಹೊಸದಾದಷ್ಟೂ ಈ ಪಾಠ ಕಠಿಣ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ನಾಲ್ಕನೆಯ ಹಾರಾಟ 59 ಸೆಕೆಂಡು ನಡೆಯಿತು. ಇಳಿಯುವಾಗ ವಿಮಾನದ ಮುಂಭಾಗದ ಚೌಕಟ್ಟು ಮುರಿಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯ ತರಬೇತಿಗೆಂದೇ ರೂಪಿಸಿದ ಎರಡು ಆಸನದ ‘ಹಂಸ’ ಮೊದಲು ಹಾರಿದ್ದು 1993ರಲ್ಲಿ. ಅದರ ‘ಹಂಸ–3’ ಮಾದರಿಗೆ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ನಡುವಿನ ವರ್ಷಗಳು ವ್ಯರ್ಥವಲ್ಲ. ಹೊಸ ವಿಮಾನದ ಗುಣಾವಗುಣಗಳನ್ನು ಪರೀಕ್ಷಾ ಪೈಲಟ್‌ಗಳು ಮೊದಲು ಅರಿಯಬೇಕು. ಆಮೇಲೆ ಅದು ಮಕ್ಕಳ ಕೈಗೆ.

ಈ ವಿದ್ಯೆ ಈಗ ಸೈದಾಪುರಕ್ಕೂ ಹತ್ತಿರ ಬಂದಿದೆ. 2021ರಲ್ಲಿ ಕಲಬುರಗಿ ಮತ್ತು ಬೆಳಗಾವಿ ನಿಲ್ದಾಣಗಳು ಪೈಲಟ್ ತರಬೇತಿಗೆ ಆಯ್ಕೆಯಾದವು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಸುದ್ದಿ ಓದಿದ ತಾಯಿ ಮಗಳನ್ನು ಕಳಿಸಲು ಹಿಂಜರಿದರೆ ಆಶ್ಚರ್ಯವಿಲ್ಲ.

ಆ ಹೆದರಿಕೆಗೆ ಒಂದು ಉತ್ತರ ತರಬೇತಿಯಲ್ಲೇ ಇದೆ. ಇಳಿಯುವಾಗ ಏನಾದರೂ ಸರಿಯಿಲ್ಲವೆನಿಸಿದರೆ ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಒಂದು ಸುತ್ತು ಹಾಕಿ ಹೊಸದಾಗಿ ಪ್ರಯತ್ನಿಸಬೇಕು. ಅನುಭವಿ ಪೈಲಟ್‌ಗಳೂ ಮಾಡುವುದು ಇದನ್ನೇ. ಹೇಗಾದರೂ ಇಳಿಸಿಯೇ ತೀರುತ್ತೇನೆಂಬ ಹಟವೇ ಅಪಾಯ. ಈ ಹಟಕ್ಕೆ ಮನೆಯ ಒತ್ತಾಯವೂ ಸೇರಬಹುದು: ಲಕ್ಷಗಟ್ಟಲೆ ಶುಲ್ಕ, ಜೊತೆಯವನು ಆಗಲೇ ಒಬ್ಬನೇ ಹಾರಿದನೆಂಬ ಹೋಲಿಕೆ.

ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಶಾಲೆ ನೋಡಲು ಹೋದ ಪೋಷಕರು, ‘ಎಷ್ಟು ದಿನಕ್ಕೆ ಒಬ್ಬನೇ ಹಾರುತ್ತಾನೆ?’ ಎಂದು ಕೇಳುವ ಬದಲು, ‘ಇಳಿಯದೆ ಮೇಲೇರಿದ ಹುಡುಗನಿಗೆ ಗುರುಗಳು ಏನನ್ನುತ್ತಾರೆ?’ ಎಂದು ಕೇಳುವುದು ಲೇಸು. ‘ಒಳ್ಳೆಯದು ಮಾಡಿದೆ’ ಎನ್ನುವ ಶಾಲೆಯಾದರೆ ಮಕ್ಕಳನ್ನು ಸೇರಿಸುವ ಯೋಚನೆ ಮಾಡಬಹುದು.