ದಾಯಾದಿ ಮರಗಳು

ಮರುಭೂಮಿ ಎಂದೊಡನೆ ಅದಕ್ಕೆ ಏನಾದರೂ ಮಾಡಬೇಕು ಅನ್ನಿಸುವುದು ಒಳ್ಳೆಯ ಮನಸ್ಸಿನವರ ಒಂದು ಚಪಲ. ನೀರು ಹರಿಸೋಣ, ಗಿಡ ನೆಡೋಣ, ಹೇಗಾದರೂ ಹಸಿರು ಮಾಡೋಣ. ಬಯಲುಸೀಮೆಯವನಾದ ನನಗೆ ಈ ಚಪಲ ಚೆನ್ನಾಗಿಯೇ ಅರ್ಥವಾಗುತ್ತದೆ. ಮಳೆಗಾಗಿ ಮುಗಿಲು ನೋಡುವವರಿಗೆ ಹಸಿರು ಎಲ್ಲಿ ಕಂಡರೂ ಪುಣ್ಯದಂತೆ ಕಾಣುತ್ತದೆ. ಆದರೆ ರಾಜಸ್ಥಾನದ ಥಾರ್ ಮರುಭೂಮಿಯ ಕಳೆದ ನೂರು ವರ್ಷದ ಕಥೆ ಓದುತ್ತ ಹೋದರೆ, ಬರಗಾಲ ಮಾಡಿದ ಕೆಡುಕು ಹೆಚ್ಚೋ ಉಪಕಾರ ಮಾಡಿದ ಕೆಡುಕು ಹೆಚ್ಚೋ ಎಂಬ ಅನುಮಾನ ಬರುತ್ತದೆ. ನನ್ನ ಓಟು ಉಪಕಾರಕ್ಕೆ. ಸಾಕ್ಷಿ ಹೇಳಲು ಎರಡು ಮರಗಳಿವೆ, ಎರಡೂ ನಮಗೆ ಗುರುತಿನವು: ವಿಜಯದಶಮಿಯ ಬನ್ನಿ, ಕೆರೆಯಂಗಳದ ಬಳ್ಳಾರಿ ಜಾಲಿ. ಸಸ್ಯಶಾಸ್ತ್ರಜ್ಞರು ಬಹುಕಾಲ ಎರಡನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ದಾಯಾದಿಗಳು ಅಂದಮೇಲೆ ವ್ಯಾಜ್ಯ ಇದ್ದದ್ದೇ.

ಉಪಕಾರದ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ: ಮರುಭೂಮಿ ಎಂದರೆ ಕೆಟ್ಟುಹೋದ ಕಾಡು ಎಂಬುದು ಅದು. ನಿಜಕ್ಕೂ ಅದು ಭೂಮಿಯ ಹವೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಫಲ. ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ತನ್ನಲ್ಲಿದ್ದ ನೀರನ್ನು ಅಲ್ಲಿಯ ಕಾಡುಗಳ ಮೇಲೆಯೇ ಸುರಿಸಿ, ಬರಿಗೈಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, 20ರಿಂದ 30 ಡಿಗ್ರಿ ಅಕ್ಷಾಂಶಗಳ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುತ್ತ ಬಿಸಿಯಾಗುವ ಆ ಗಾಳಿ ಮೋಡ ಕಟ್ಟಗೊಡುವುದಿಲ್ಲ. ಸಹಾರಾ, ಅರೇಬಿಯಾ, ಥಾರ್, ಆಚೆ ಕಡೆ ಕಲಹಾರಿ, ಆಸ್ಟ್ರೇಲಿಯದ ಒಳನಾಡು, ಎಲ್ಲ ಈ ಪಟ್ಟಿಯಲ್ಲೇ ಬರುತ್ತವೆ. ಅಟಕಾಮ, ನಮೀಬ್‌ಗಳನ್ನು ಪಕ್ಕದ ಕಡಲಿನ ತಣ್ಣನೆಯ ಪ್ರವಾಹಗಳು ಇನ್ನಷ್ಟು ಒಣಗಿಸಿವೆ. ಗೋಬಿಗೆ ಟಿಬೆಟ್ ಮತ್ತು ಹಿಮಾಲಯ ಅಡ್ಡ ನಿಂತಿವೆ. ಹಾಗಾದರೆ ಸಹಾರಾ ಒಂದು ಕಾಲಕ್ಕೆ ಹಸಿರಾಗಿತ್ತಲ್ಲ ಎಂದು ಕೇಳಬಹುದು. ಹೌದು, ಸುಮಾರು ಐದು ಸಾವಿರ ವರ್ಷಗಳ ಹಿಂದಿನವರೆಗೂ ಅಲ್ಲಿ ಹುಲ್ಲುಗಾವಲಿತ್ತು. ಅಲ್ಜೀರಿಯದ ತಸ್ಸಿಲಿ ಬಂಡೆಗಳ ಮೇಲೆ ದನದ ಹಿಂಡುಗಳ, ನೀರಾನೆಗಳ ಚಿತ್ರಗಳಿವೆ. ಅದು ಒಣಗಲು ಮುಖ್ಯ ಕಾರಣ ಭೂಮಿಯ ಅಕ್ಷದ ನಿಧಾನವಾದ ತೂಗಾಟ. ಆಫ್ರಿಕದ ಮುಂಗಾರು ದಕ್ಷಿಣಕ್ಕೆ ಸರಿಯಿತು. ಸಸಿ ನೆಟ್ಟು ತಿದ್ದುವ ಬಾಬತ್ತಲ್ಲ ಇದು. ತಿದ್ದಿದರೂ ನಷ್ಟ ಬೇರೆ ಕಡೆ ಆಗಬಹುದು. ಸಹಾರಾದಿಂದ, ಅದರಲ್ಲೂ ಚಾಡ್ ದೇಶದ ಬೊಡೆಲೆ ಎಂಬ ಬತ್ತಿದ ಕೆರೆಪಾತ್ರದಿಂದ ಏಳುವ ದೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ತಲುಪುತ್ತದೆ. ನಾಸಾ ಉಪಗ್ರಹದ ಮಾಹಿತಿಯಿಂದ 2015ರಲ್ಲಿ ಹಾಕಿದ ಲೆಕ್ಕದಂತೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಹೀಗೆ ಹೋಗುತ್ತದೆ, ಹೆಚ್ಚುಕಡಿಮೆ ಅಲ್ಲಿಯ ಮಳೆ ಕೊಚ್ಚಿಕೊಂಡು ಹೋಗುವಷ್ಟೇ. ಜಗತ್ತಿನ ಅತಿ ಹಸಿರು ಕಾಡಿನ ತಿಪ್ಪೆಗುಂಡಿ ಜಗತ್ತಿನ ಅತಿ ದೊಡ್ಡ ಬಿಸಿ ಮರುಭೂಮಿಯಲ್ಲಿದೆ.

ಇನ್ನು ಥಾರ್. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಒಣಜಿಲ್ಲೆ ಎಂದು ನಾವು ಮರುಗುವ ಬಳ್ಳಾರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆದರೂ ಜಗತ್ತಿನ ಮರುಭೂಮಿಗಳಲ್ಲೆಲ್ಲ ಅತಿ ಹೆಚ್ಚು ಜನದಟ್ಟಣೆ ಇರುವವುಗಳ ಸಾಲಿನಲ್ಲಿ ಥಾರ್ ನಿಲ್ಲುತ್ತದೆ. ಆ ಜನರನ್ನು ಸಾಕಿದ್ದರಲ್ಲಿ ಬನ್ನಿಯ ಪಾಲು ದೊಡ್ಡದು. ಅಲ್ಲಿ ಅದರ ಹೆಸರು ಖೇಜ್ಡಿ. ಏಪ್ರಿಲ್-ಮೇ ಬಿಸಿಲಿಗೆ ಉಳಿದದ್ದೆಲ್ಲ ಸುಟ್ಟು ಕರಕಲಾಗಿರುವಾಗ ಖೇಜ್ಡಿ ಹೊಸ ಚಿಗುರು ಬಿಡುತ್ತದೆ, ಏಕೆಂದರೆ ಅದರ ತಾಯಿಬೇರು ಎಷ್ಟೋ ಆಳದ ತೇವಕ್ಕೆ ಇಳಿದಿರುತ್ತದೆ. ಚಳಿಗಾಲದಲ್ಲಿ ರೈತರು ಮರ ಹತ್ತಿ ಕೊಂಬೆ ಸವರುತ್ತಾರೆ. ಒಣಗಿಸಿ ಉದುರಿಸಿದ ಎಲೆ, ಅಲ್ಲಿಯವರ ಮಾತಲ್ಲಿ ‘ಲೂಂಗ್’, ಆಡು ಒಂಟೆಗಳ ಮೇವು. ಎಳೆಯ ಕಾಯಿ ‘ಸಾಂಗ್ರಿ’ಯನ್ನು ಬೇಯಿಸಿ, ಒಣಗಿಸಿಟ್ಟು, ಬೇಕಾದಾಗ ಕೇರ್ ಎಂಬ ಪೊದೆಯ ಕಾಯಿಯ ಜೊತೆ ಪಲ್ಯ ಮಾಡುತ್ತಾರೆ. ಹೊಲದ ನಡುವೆ ಇದ್ದರೂ ಯಾರೂ ಕೀಳುವುದಿಲ್ಲ. ನೆರಳು ತೆಳು, ಉದುರುವ ಎಲೆ ಗೊಬ್ಬರ, ಬುಡದಲ್ಲಿ ಸಜ್ಜೆ, ಮಡಿಕೆ ಕಾಳು ಬಯಲಿಗಿಂತ ಚೆನ್ನಾಗಿಯೇ ಬರುತ್ತವೆ. ಜೋಧಪುರದ ಅರಸನ ಅರಮನೆಗೆಂದು ಈ ಮರ ಕಡಿಯಲು ಬಂದವರನ್ನು ತಡೆಯುತ್ತ 1730ರಲ್ಲಿ ಖೇಜಡ್ಲಿ ಹಳ್ಳಿಯಲ್ಲಿ ಅಮೃತಾದೇವಿಯೂ ಸೇರಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟದ್ದು ಪ್ರಸಿದ್ಧ. ಅದನ್ನು ಭಕ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಲೆಕ್ಕಾಚಾರವೂ ಕಾಣುತ್ತದೆ: ಮರ ಹೋದರೆ ಮೇವು, ಪಲ್ಯ, ಬೆಳೆ ಒಟ್ಟಿಗೆ ಹೋಗುತ್ತವೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತಿದ್ದೀತು.

ಅದೇ ಜೋಧಪುರ ಸಂಸ್ಥಾನ 210 ವರ್ಷಗಳ ನಂತರ, 1940ರಲ್ಲಿ, ಇನ್ನೊಂದು ಮರವನ್ನು ರಾಜವೃಕ್ಷವೆಂದು ಘೋಷಿಸಿ ರಕ್ಷಣೆ ಕೊಟ್ಟಿತು. ಅದು ಬನ್ನಿಯಲ್ಲ, ಜಾಲಿ. ಮೆಕ್ಸಿಕೊ ಕಡೆಯ ಈ ಮರವನ್ನು ಬ್ರಿಟಿಷರ ಕಾಲದಲ್ಲಿ ತಂದದ್ದು ಮರಳು ತಡೆಯಲು, ಸೌದೆಗೆ. 1930ರ ದಶಕದಲ್ಲಿ ಮಹಾರಾಜರು ವಿಮಾನದಿಂದ ಇದರ ಬೀಜ ಚೆಲ್ಲಿಸಿದರೆಂದು ಈಗಲೂ ಹೇಳುತ್ತಾರೆ. ಎಂಥ ಬರಕ್ಕೂ ಬಗ್ಗದ ಮರ. ಉಪಕಾರಕ್ಕೆ ಹೇಳಿ ಮಾಡಿಸಿದ್ದು. ಇದರ ಎಲೆಯನ್ನು ಆಡು ಸಹ ಮೂಸಿ ಬಿಡುತ್ತದೆ, ಆದರೆ ಸಿಹಿಗಾಯಿಯನ್ನು ಚಪ್ಪರಿಸಿ ತಿಂದು ಹಿಕ್ಕೆಯೊಂದಿಗೆ ಬೀಜವನ್ನು ಊರೆಲ್ಲ ಬಿತ್ತುತ್ತದೆ. ಗಿಡ ನೆಡುವ ಇಲಾಖೆಗೆ ಇದಕ್ಕಿಂತ ಅಗ್ಗದ ಕೂಲಿ ಎಲ್ಲಿ ಸಿಗಬೇಕು! ಕಚ್ಛ್‌ನಲ್ಲಿ ಬನ್ನಿ ಎಂದೇ ಹೆಸರಿನ ದೊಡ್ಡ ಹುಲ್ಲುಗಾವಲಿದೆ (ನಮ್ಮ ಮರಕ್ಕೂ ಅದಕ್ಕೂ ನಂಟಿಲ್ಲ). ರಣ್‌ನ ಉಪ್ಪುನೆಲ ಮುಂದೊತ್ತಿ ಬರುತ್ತದೆಂದು ಹೆದರಿ 1961ರಲ್ಲಿ ಅದರಂಚಿಗೆ ಅರಣ್ಯ ಇಲಾಖೆ ಜಾಲಿ ಹಾಕಿತು. ಇವತ್ತು ಆ ಹುಲ್ಲುಗಾವಲಿನ ಬಹುಪಾಲಿನಲ್ಲಿ ಜಾಲಿಯದೇ ರಾಜ್ಯ. ಅದರ ಕಾಯಿ ತಿಂದು ಹಸುಗಳು ಕಾಯಿಲೆ ಬಿದ್ದವೆಂದು ಮಾಲ್‌ಧಾರಿ ದನಗಾಹಿಗಳು ಎಮ್ಮೆಯ ಕಡೆ ವಾಲಿದರು. ಜಾಲಿಯ ಬುಡದಲ್ಲಿ ಹುಲ್ಲು ಏಳುವುದಿಲ್ಲ ಎಂಬುದನ್ನು ನಮ್ಮ ಕೆರೆಯಂಗಳ ನೋಡಿದವರಿಗೆ ವಿವರಿಸಬೇಕಿಲ್ಲ.

ಆದರೆ ಬಡವರ ಒಲೆ ಉರಿದದ್ದು ಅದರಿಂದಲೇ ಅಲ್ಲವೇ? ಹೌದು, ಇದ್ದಿಲು ಸುಟ್ಟು ಬದುಕುವ ಸಂಸಾರಗಳು ಇವತ್ತಿಗೂ ಬಹಳ. ಜಾಲಿಯನ್ನು ಅವರಿಂದ ಕಸಿಯಬೇಕೆಂದು ನಾನು ಹೇಳುತ್ತಿಲ್ಲ; ಹುಲ್ಲು ಹೋದಮೇಲೆ ಉಳಿದ ಕಸುಬು ಅದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೂ ಗಟ್ಟಿಯಾದ ಆಕ್ಷೇಪ ಇಂದಿರಾ ಗಾಂಧಿ ಕಾಲುವೆಯದು. ಪಂಜಾಬಿನ ಹರಿಕೆಯಿಂದ ನೀರು ತರುವ ಈ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಮೈಲಿಗಟ್ಟಲೆ ಕೊಡ ಹೊತ್ತ ಹೆಂಗಸರಿಗೆ ಅದರಿಂದ ಕುಡಿಯುವ ನೀರು ಬಂದದ್ದನ್ನು ಅಲ್ಲಗಳೆಯುವವನು ಒಂದು ದಿನ ಆ ಕೊಡ ಹೊರಬೇಕು. ನನ್ನ ತಕರಾರು ಕುಡಿಯುವ ನೀರಿನ ಮೇಲಲ್ಲ, ಅದರ ಹಿಂದೆಯೇ ಬಂದ ಹತ್ತಿ, ಗೋಧಿಯ ಮೇಲೆ. ಹಲವೆಡೆ ಮರಳಿನ ಕೆಳಗೆ ನೀರಿಳಿಯದ ಗಟ್ಟಿ ಪದರವಿದೆ. ಹನುಮಾನ್‌ಗಢ ಕಡೆಯ ಹೊಲಗಳು ಚೌಗಾಗಿ, ಉಪ್ಪು ಮೇಲೆದ್ದವು. 1994ರಲ್ಲಿ ಥಾರ್‌ನಲ್ಲಿ ಮಲೇರಿಯಾ ಭೀಕರವಾಗಿ ಹಬ್ಬಿತು, ಮರುಭೂಮಿಯಲ್ಲಿ! ಮೂರನೆಯ ಆಕ್ಷೇಪ, ಮರುಭೂಮಿ ಹಬ್ಬುತ್ತಿದೆ, ಸುಮ್ಮನಿರಬೇಕೇ ಎಂಬುದು. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಉಳುಮೆ, ಅತಿ ಮೇಯಿಸುವಿಕೆ, ನದಿ ತಿರುಗಿಸುವುದು, ಇವುಗಳಿಂದ ನೆಲ ಕೆಡುವುದು ನಿಜ. ಅರಾಲ್ ಸಮುದ್ರ ಹತ್ತಿ ಬೆಳೆಯುವ ಹುಮ್ಮಸ್ಸಿನಲ್ಲಿ ಬತ್ತಿ ಹೊಸ ಮರುಭೂಮಿಯೇ ಆಯಿತು. ಅದು ಮನುಷ್ಯ ಮಾಡಿದ್ದು, ಮನುಷ್ಯನೇ ಸರಿಪಡಿಸಬೇಕು. ನೈಜರ್ ದೇಶದ ರೈತರು ಹಾಗೆ ಮಾಡಿಯೂ ತೋರಿಸಿದ್ದಾರೆ: ಹೊಲದಲ್ಲಿ ಮೊದಲೇ ಇದ್ದ ಬೊಡ್ಡೆಗಳ ಚಿಗುರನ್ನು ಕಾಯ್ದು ಲಕ್ಷಾಂತರ ಹೆಕ್ಟೇರಿನಲ್ಲಿ ಸ್ವಂತ ಮರಗಳನ್ನು ಮರಳಿ ಎಬ್ಬಿಸಿದರು. ಹೊರಗಿನ ಸಸಿ ಬೇಕಾಗಲಿಲ್ಲ.

ಹಳೆಯ ಉಪಕಾರಕ್ಕೆ ಈಗ ಹೊಸ ವೇಷ ಬಂದಿದೆ, ಸೋಲಾರ್. ಫಲೋದಿ ಬಳಿಯ ಭಡ್ಲಾದಲ್ಲಿ 2,200 ಮೆಗಾವಾಟ್‌ಗೂ ಮೀರಿದ ಪಾರ್ಕ್ ಇದೆ; ಪಾವಗಡ ಕಂಡ ನಮಗೆ ಆ ನೋಟ ಹೊಸದಲ್ಲ. ಕಲ್ಲಿದ್ದಲು ಬಿಡಬೇಕು, ಬಿಸಿಲಿರುವಲ್ಲೇ ಫಲಕ ಹಾಕಬೇಕು, ಒಪ್ಪಿದೆ. ಆದರೆ ಇದಕ್ಕಾಗಿ ಖೇಜ್ಡಿಗಳು ಉರುಳುತ್ತಿವೆ, ಬಿಕಾನೇರ್ ಕಡೆಯ ಜನ ಧರಣಿ ಕೂತಿದ್ದಾರೆ. ಹೈಟೆನ್ಷನ್ ತಂತಿಗಳು ಹಾಯುವುದು ಗೋಡಾವಣ್ ಹಕ್ಕಿಯ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ ಹಾದಿಯಲ್ಲಿ. ಭಾರಿ ಮೈ, ಪಕ್ಕಕ್ಕಿರುವ ಕಣ್ಣು. ಎದುರಿನ ತಂತಿ ಅದಕ್ಕೆ ಹತ್ತಿರ ಬರುವತನಕ ಕಾಣದು, ಕಂಡಾಗ ತಿರುಗಲು ಆಗದು. ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ಈ ಹಕ್ಕಿಗೆ ಥಾರ್ ಕೊನೆಯ ದೊಡ್ಡ ನೆಲೆ. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್ 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹಾಗಾದರೆ ಫಲಕ ಎಲ್ಲಿ ಹಾಕಬೇಕು ಎಂದು ಕೇಳುವವರಿಗೆ ಉತ್ತರ ಥಾರ್‌ನಲ್ಲೇ ಇದೆ: ಜಾಲಿ ನುಂಗಿದ ನೆಲ ಬೇಕಾದಷ್ಟಿದೆ, ಕಾಲುವೆಯ ಉಪ್ಪು ಹಿಡಿದ ಹೊಲಗಳಿವೆ. ತೊಂದರೆ ಇಷ್ಟೇ, ಜಾಲಿ ಬೇರು ಕೀಳಲು ಜೆಸಿಬಿ ಬಾಡಿಗೆ ಕೊಡಬೇಕು, ಉಪ್ಪುಹೊಲಕ್ಕೆ ಪಟ್ಟಾದಾರರಿದ್ದಾರೆ. ದೇವರ ಹೆಸರಲ್ಲಿ ಊರವರು ಕಾಯ್ದುಕೊಂಡ ‘ಓರಣ್’ ಬಯಲುಗಳಾದರೆ ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಿ ಪಾಳು ಜಮೀನು ಎಂದೇ ಬರೆದುಕೊಂಡಿವೆ, ಅವನ್ನು ಮಂಜೂರು ಮಾಡಲು ಒಂದು ಸಹಿ ಸಾಕು.