ಮೂರನೇ ನಂಬರಿನ ಕಂಪ್ಯೂಟರ್

ನಾನು ಬೋಧನಾ ಅಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ಒಂದೇ ಮಾದರಿಯ ನಾಲ್ಕು ಹಳೆಯ ಕಂಪ್ಯೂಟರ್‌ಗಳಿದ್ದವು. ಎರಡು ನಡೆಯುತ್ತಿದ್ದವು. ಉಳಿದೆರಡನ್ನು ಗುಜರಿ ಪಟ್ಟಿಗೆ ಸೇರಿಸುವ ಮೊದಲು ಒಮ್ಮೆ ನೋಡಲು ಮುಖ್ಯೋಪಾಧ್ಯಾಯರು ಹೇಳಿದರು. ನಾನು ಸಿ.ಬಿ.ಝೆಡ್. ಓದಿದವಳು. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಲುಬುಂಟು ಹಾಕಿದ್ದೆ, ಅಷ್ಟೇ ನನ್ನ ಬಂಡವಾಳ.

ನಾಲ್ಕನೆಯದು ಆನ್ ಆಗಲೇ ಇಲ್ಲ. ಮೂರನೆಯದು ಆಸೆ ಹುಟ್ಟಿಸಿ ಕೈಕೊಡುತ್ತಿತ್ತು. ಲುಬುಂಟು ಇನ್‌ಸ್ಟಾಲ್ ಆಗುತ್ತಾ ಆಗುತ್ತಾ ಒಮ್ಮೆ ಶೇ. 34ಕ್ಕೆ, ಮತ್ತೊಮ್ಮೆ 61ಕ್ಕೆ, ಇನ್ನೊಮ್ಮೆ 12ಕ್ಕೇ ಪರದೆ ಸ್ತಬ್ಧ. ರೇಗಿಹೋಗಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕಿನ ಕೇಬಲ್, ಬಯೋಸ್ ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿದೆ. ಶೇ. 80 ದಾಟಿತು. ಸುತ್ತ ನಿಂತಿದ್ದ ಹತ್ತನೇ ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಮಾತ್ರ, “ಮಿಸ್, ಮೂರನ್ನೂ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೆಂಗೆ ಗೊತ್ತಾಗುತ್ತೆ?” ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಪರದೆ ಮತ್ತೆ ನಿಂತಿತು.

ಅದೇ ಬೆಳಿಗ್ಗೆ ಅವರಿಗೆ ದ್ಯುತಿಸಂಶ್ಲೇಷಣೆಯ ಪ್ರಯೋಗ ಮಾಡಿಸಿದ್ದೆ. ಕತ್ತಲಲ್ಲಿಟ್ಟಿದ್ದ ಎರಡು ಕುಂಡಗಳು. ಒಂದರ ಪಕ್ಕ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಇನ್ನೊಂದಕ್ಕಿಲ್ಲ. ಬಿಸಿಲು, ನೀರು, ಗಾಜಿನ ಜಾಡಿ ಎರಡಕ್ಕೂ ಒಂದೇ ರೀತಿ. ಎರಡನೇ ಕುಂಡ ಯಾಕೆ ಬೇಕೆಂದು ಕೇಳಿದಾಗ ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸಿತ್ತು. ಪಾಠ ಯೋಜನೆಯಲ್ಲಿ ‘ಉದ್ದೇಶ ಈಡೇರಿದೆ’ ಎಂದು ಬರೆದೂ ಆಗಿತ್ತು. ಆ ಹುಡುಗನ ಮಟ್ಟಿಗೆ ಅದು ನಿಜ. ಬರೆದವಳ ಮಟ್ಟಿಗೆ ಅಲ್ಲ.

ಮರುದಿನ ಹಳೆಯ ಪೆನ್‌ಡ್ರೈವ್, ಹಳೆಯ ಕೇಬಲ್, ಹಳೆಯ ಸೆಟ್ಟಿಂಗ್ ಎಲ್ಲವನ್ನೂ ಮೊದಲಿನಂತೆ ಇಟ್ಟು ಶುರುಮಾಡಿದೆವು. ಪ್ರತಿ ಸಲ ಏನು ಬದಲಾಯಿತು, ಎಲ್ಲಿ ನಿಂತಿತು ಎಂದು ಒಬ್ಬಳು ಬರೆದುಕೊಂಡಳು. ಫ್ಯಾನಿನ ದೂಳು ತೆಗೆದೆವು: 27ಕ್ಕೆ ನಿಂತಿತು. ಪೆನ್‌ಡ್ರೈವ್ ಬದಲಾಯಿಸಿದೆವು: 55. ಪೆನ್‌ಡ್ರೈವಿನ ಯಾವುದೋ ಫೈಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ನಿಲ್ಲಬೇಕು. ಇದು ಮನಸ್ಸಿಗೆ ಬಂದಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಅನುಮಾನ ರ‍್ಯಾಮ್ ಮೇಲೆ ಬಂತು. ಅದರಲ್ಲಿದ್ದವು 1 ಜಿ.ಬಿ.ಯ ಎರಡು ಪಟ್ಟಿಗಳು. ಪ್ಲಗ್ ಕಿತ್ತು, ಡಬ್ಬದ ಲೋಹವನ್ನು ಮುಟ್ಟಿ, ಒಂದನ್ನು ತೆಗೆದೆವು. ಮೆಮ್‌ಟೆಸ್ಟ್ ಓಡಿಸಿದರೆ ಕೆಂಪು ಸಾಲುಗಳು ಸುರಿದವು. ಅದರ ಜಾಗದಲ್ಲಿ ಮತ್ತೊಂದನ್ನು ಕೂರಿಸಬೇಕೆನ್ನುವಷ್ಟರಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿ ತಡೆದಳು. “ಮಿಸ್, ಕೆಟ್ಟಿರೋದು ಪಟ್ಟಿನೋ, ಅದು ಕೂರೋ ಜಾಗನೋ? ಅದನ್ನೇ ಒಂದನೇ ಕಂಪ್ಯೂಟರಿಗೆ ಹಾಕಿ ನೋಡೋಣ.”

ಅವಳಿಗೆ ಎರಡನೇ ಕುಂಡ ಸಿಕ್ಕಿತ್ತು.

ನಡೆಯುತ್ತಿದ್ದ ಕಂಪ್ಯೂಟರನ್ನು ಬಿಚ್ಚಲು ನನಗೆ ಭಯ. ಮುಖ್ಯೋಪಾಧ್ಯಾಯರ ಅನುಮತಿ ಪಡೆದೇ ಬಿಚ್ಚಿದೆ. ಅಲ್ಲಿಯೂ ಕೆಂಪು ಸಾಲುಗಳು. ಕೆಟ್ಟಿದ್ದು ಪಟ್ಟಿಯೇ. ನಾಲ್ಕನೆಯದರಿಂದ ಒಂದು ಪಟ್ಟಿ ತೆಗೆದು, ಮೆಮ್‌ಟೆಸ್ಟ್ ಓಡಿಸಿ ಮೂರನೆಯದಕ್ಕೆ ಹಾಕಿದೆವು. ಮೊದಲ ದಿನದ ಅದೇ ಪೆನ್‌ಡ್ರೈವಿನಿಂದ, ಅದೇ ಕೇಬಲ್‌ನಲ್ಲಿ, ಇನ್‌ಸ್ಟಾಲ್ ಪೂರ್ತಿಯಾಯಿತು.

ಅದರ ಬಯೋಸ್ ಬ್ಯಾಟರಿ ಇನ್ನೂ ಬದಲಾಗಿಲ್ಲ. ಪ್ಲಗ್ ಕಿತ್ತಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ. ಮಕ್ಕಳು ಸರದಿಯ ಮೇಲೆ ಸರಿಪಡಿಸುತ್ತಾರೆ.