ಒಬ್ಬಳೇ ಉಂಡ ಊಟ

ನಮ್ಮ ಸಂಕೇಶ್ವರದಲ್ಲಿ ಖಾನಾವಳಿಗಳಿಗೇನೂ ಬರವಿಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾಯ್ದಿದೆ. ಹಗಲು ರಾತ್ರಿ ಬಸ್ಸು ಲಾರಿಗಳ ಓಡಾಟ, ಹಸಿದು ಇಳಿಯುವವರೂ ಅಷ್ಟೇ ಮಂದಿ. ಸಂತೆಗೆ ಹೋಗಿ ಬರುವಾಗಲೆಲ್ಲ ಝುಣಕದ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೆ ಅರವತ್ತು ಹತ್ತಿರ ಬಂದರೂ ನಾನು ಒಬ್ಬಳೇ ಒಳಗೆ ಹೋಗಿ ಕುಳಿತು ಉಂಡವಳಲ್ಲ. ಯಾರೂ ಬೇಡವೆಂದಿರಲಿಲ್ಲ. ಹೋಗಬಹುದೆಂದು ನನಗೇ ಎಂದೂ ಅನ್ನಿಸಿರಲಿಲ್ಲ, ಅಷ್ಟೆ. ಅಂಥವಳು ಮೊದಲ ಸಲ ಹೊರಗೆ ಒಬ್ಬಳೇ ಉಂಡದ್ದು ಎಲ್ಲಿ ಗೊತ್ತೇ? ಸಿಂಗಪುರದಲ್ಲಿ!

೨೦೨೩ರಲ್ಲಿ ಮಗಳು-ಅಳಿಯ ಕರೆಸಿಕೊಂಡರು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಕಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು, ಜೊತೆಗೆ ನಮ್ಮೂರ ಹೆಸರು ಹೊತ್ತ ಮೆಣಸಿನಕಾಯಿಯ ಖಾರಪುಡಿ. ಸೀರೆಗಳಿಗಿಂತ ಇವುಗಳ ತೂಕವೇ ಹೆಚ್ಚಾಯಿತು.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದು. ಐದಕ್ಕೇ ಏಳುವ ನಾನು ಅಲ್ಲಿ ಏಳೂವರೆಗೆ ಏಳುವ ಮೈಗಳ್ಳಿಯಾದೆ. ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು. ಅಡಿಗೆಮನೆ ನೋಡಿದರೆ ಒಲೆ ಹೊಸದರ ಹಾಗೆ ಹೊಳೆಯುತ್ತಿತ್ತು. ಹಚ್ಚಿದರಲ್ಲವೆ ಮಾಸುವುದು!

ಮೊದಲ ದಿನ ಮಗಳು ರಜೆ ಹಾಕಿ ಸುತ್ತಾಡಿಸಿದಳು. ಅಲ್ಲಿಯ ರೈಲಿನಲ್ಲಿ ಏನೂ ತಿನ್ನುವಂತಿಲ್ಲ, ನೀರು ಸಹ ಕುಡಿಯುವಂತಿಲ್ಲ. ತಿಂದರೆ ೫೦೦ ಡಾಲರಿನವರೆಗೆ ದಂಡ. ಡುರಿಯನ್ ಎಂಬ ಹಲಸಿನಂಥ ಹಣ್ಣನ್ನಂತೂ ವಾಸನೆಯ ಸಲುವಾಗಿ ಒಳಗೇ ಬಿಡುವುದಿಲ್ಲ. ಗಾಡಿ ಬಿಡುವ ಮೊದಲೇ ಚುರುಮುರಿಯ ಗಂಟು ಬಿಚ್ಚುವ ನಮ್ಮವರು ಅಲ್ಲಿದ್ದರೆ ಹೊಲ ಮಾರಿ ದಂಡ ಕಟ್ಟಬೇಕಾಗುತ್ತಿತ್ತು. ಸೆರಂಗೂನ್ ರಸ್ತೆಯಲ್ಲಿ ಇಳಿದರೆ ಮಲ್ಲಿಗೆ ಮಾಲೆ, ಬಾಳೆಲೆ, ನುಗ್ಗೆಕಾಯಿ! ೧೯೪೭ರಿಂದ ನಡೆದುಬಂದ ಕೋಮಲ ವಿಲಾಸದಲ್ಲಿ ದೋಸೆ ತಿಂದೆವು. ಪರದೇಶವೆಂದರೆ ಇಷ್ಟೇನಾ ಎನ್ನಿಸಿತು.

ಎರಡನೆಯ ದಿನ ರಾತ್ರಿ ಮಗಳು ಮತ್ತೆ ಹೊರಗಿನಿಂದಲೇ ಪೊಟ್ಟಣ ತಂದಳು. ನನಗೆ ತಡೆಯಲಾಗಲಿಲ್ಲ. "ಒಲೀನ ಹಚ್ಚೂದಿಲ್ಲಂದ್ರ ಅದೆಂಥಾ ಸಂಸಾರವ್ವಾ? ದಿನಾ ಹೊರಗಿಂದ ತಿಂದ್ರ ಮೈಗೆ ಹತ್ತೀತೇನು?" ಎಂದೆ. ಅವಳು ತುತ್ತು ಕೆಳಗಿಟ್ಟಳು. "ಅವ್ವಾ, ಮೂವತ್ತೈದು ವರ್ಷ ಎಲ್ಲಾರಿಗೂ ಬಿಸಿ ರೊಟ್ಟಿ ಬಡದ ಹಾಕಿದಿ. ಒಂದು ದಿನಾನರ ಬಿಸೀದು ನೀ ಉಂಡಿದ್ದು ನಾ ನೋಡಿಲ್ಲ" ಎಂದಳು. ಸಿಟ್ಟಿನಿಂದ ಅಂದಿದ್ದರೆ ಎದುರು ಮಾತಾಡುತ್ತಿದ್ದೆ. ಅವಳು ಅಂದದ್ದು ಮೆಲ್ಲಗೆ. ಅಳಿಯ ನೀರಿನ ನೆಪ ಮಾಡಿ ಒಳಗೆ ಹೋದರು. ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಿಸಿಕೊಂಡು ನೋಡಿದೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ. ರೊಟ್ಟಿ ಡಬ್ಬಿ ತೆಗೆದವಳು ಯಾಕೋ ಮತ್ತೆ ಮುಚ್ಚಿದೆ. ಪರ್ಸು ಹಿಡಿದು ಮನೆಯ ಹತ್ತಿರದ ಹಾಕರ್ ಸೆಂಟರಿಗೆ ಹೊರಟೆ. ಒಂದೇ ದೊಡ್ಡ ಚಪ್ಪರದಡಿ ಹತ್ತಾರು ಪುಟ್ಟ ಅಡಿಗೆ ಅಂಗಡಿಗಳು. ಮೊದಲು ಬೀದಿಯಲ್ಲಿ ಗಾಡಿ ಇಟ್ಟುಕೊಂಡು ಮಾರುತ್ತಿದ್ದವರಿಗೆ ೧೯೭೦ರ ದಶಕದಿಂದ ಸರಕಾರವೇ ನೀರು, ಚರಂಡಿಯ ಅನುಕೂಲ ಮಾಡಿ ಇಂಥ ಜಾಗ ಕಟ್ಟಿಸಿಕೊಟ್ಟಿತಂತೆ. ೨೦೨೦ರಲ್ಲಿ ಯುನೆಸ್ಕೋ ಕೂಡ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಖಾಲಿ ಮೇಜು ಕಂಡು ಕುಳಿತೆ. ಮೇಲೆ ಯಾರೋ ಕಾಗದದ ಕರವಸ್ತ್ರದ ಪೊಟ್ಟಣ ಮರೆತು ಹೋಗಿದ್ದರು. ತುಸು ಹೊತ್ತಿಗೆ ಒಬ್ಬ ಹುಡುಗಿ ತಾಟು ಹಿಡಿದು ಬಂದು ನಗುತ್ತ ನಿಂತಳು. ಆಗ ಹೊಳೆಯಿತು, ಅದು ಮರೆತದ್ದಲ್ಲ, ಜಾಗ ಹಿಡಿದದ್ದು! ನಮ್ಮ ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆಯುವುದಿಲ್ಲವೆ, ಹಾಗೆ. ಒಮ್ಮೆಲೆ ಊರಿನವರನ್ನೇ ಕಂಡಷ್ಟು ಸಮಾಧಾನವಾಯಿತು.

ಚೀನೀ ಹೆಂಗಸೊಬ್ಬಳ ಸಸ್ಯಾಹಾರದ ಅಂಗಡಿ ಹುಡುಕಿದೆ. ಗಾಜಿನೊಳಗೆ ಮಾಂಸದ ತುಂಡುಗಳಂತೆಯೇ ಕಾಣುವ ಏನೋ ಇತ್ತು. ಗಾಬರಿಯಾಗಿ ಹಿಂದೆ ಸರಿದೆ. ಅದು ಸೋಯಾ, ಗೋದಿಯಿಂದ ಮಾಡಿದ್ದೆಂದು ಪಕ್ಕದ ತಮಿಳಿನವರು ಹೇಳಿದರು. ಅವರಲ್ಲಿ ವ್ರತದವರು ಉಳ್ಳಾಗಡ್ಡಿ-ಬಳ್ಳೊಳ್ಳಿಯನ್ನೂ ಮುಟ್ಟುವುದಿಲ್ಲವಂತೆ. ಆದರೂ ಆ ಆಕಾರ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಬೆರಳು ತೋರಿಸಿ ಕ್ಯಾಬೀಜು ಹಾಕಿ ಹುರಿದ ಅಕ್ಕಿ ಶಾವಿಗೆ ಕೇಳಿದೆ. ಮೂರೂವರೆ ಡಾಲರು, ನಮ್ಮ ಇನ್ನೂರು ರೂಪಾಯಿಯ ಮೇಲೆ. ಎದೆ ಧಸಕ್ಕೆಂದಿತು, ಆದರೂ ಕೊಟ್ಟೆ.

ತಾಟಿನಿಂದ ಹಬೆ ಏಳುತ್ತಿತ್ತು. ಸುತ್ತ ನೂರಾರು ಜನ. ಒಬ್ಬರೂ ನನ್ನನ್ನು ನೋಡಲಿಲ್ಲ. "ಇನ್ನೊಂದು ತಾ" ಎಂದು ಕೂಗುವವರಿರಲಿಲ್ಲ, ಹೆಂಚಿನ ಮೇಲೆ ಸೀಯುವುದೂ ಏನಿರಲಿಲ್ಲ. ಉಣ್ಣುತ್ತ ಉಣ್ಣುತ್ತ ಕಣ್ಣಲ್ಲಿ ನೀರು ಬಂತು. ಬಟ್ಟಲಿನ ಖಾರದಿಂದ ಎನ್ನೋಣವೆಂದರೆ, ಸಂಕೇಶ್ವರದವಳಿಗೆ ಅದೆಂಥ ಖಾರ?

ಉಂಡ ತಾಟನ್ನು ನಾವೇ ಒಯ್ದಿಡಬೇಕು, ೨೦೨೧ರಿಂದ ಅದು ಕಾಯದೆ. ಗಂಡಸರೂ ಸಾಲಾಗಿ ತಮ್ಮ ತಮ್ಮ ತಾಟು ಎತ್ತಿಕೊಂಡು ಹೋಗುವುದನ್ನು ಎರಡು ನಿಮಿಷ ನಿಂತು ಕಣ್ತುಂಬ ನೋಡಿದೆ.

ಸಂಜೆ ಮಗಳು ಬಂದವಳೇ, "ಅವ್ವಾ, ಉಂಡಿ?" ಎಂದಳು. "ಹೂಂ, ಹೊರಗ ಹೋಗಿ ಉಂಡೆ. ಬಿಸೀದು" ಎಂದೆ. ಅವಳು ಚೀಲ ಇಳಿಸುವುದನ್ನೂ ಮರೆತು ನಿಂತಳು. ಆಮೇಲೆ ರೊಟ್ಟಿ ಡಬ್ಬಿ ತೆಗೆದು, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡು ನನ್ನ ಮಗ್ಗುಲಲ್ಲಿ ಕುಳಿತು ಎರಡು ರೊಟ್ಟಿ ತಿಂದಳು. ಒಲೆಯ ಮಾತನ್ನು ಇಬ್ಬರೂ ಮತ್ತೆ ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ದೊಡ್ಡ ಬದಲಾವಣೆಯೇನೂ ಆಗಿಲ್ಲ. ರೊಟ್ಟಿ ನಾನೇ ಬಡಿಯುತ್ತೇನೆ. ಆದರೆ ಕಡೆಯ ರೊಟ್ಟಿ ಹೆಂಚಿನಿಂದ ಇಳಿದಾಗ ಅದನ್ನು ಬುಟ್ಟಿಗೆ ಹಾಕುವುದಿಲ್ಲ. ಅಲ್ಲೇ ಒಲೆಯ ಮುಂದೆ ಕುಳಿತು, ಬೆಣ್ಣೆ ಸವರಿ ನಾನೇ ತಿನ್ನುತ್ತೇನೆ. ಹೊರಗಿನಿಂದ ಕರೆ ಬಂದರೆ, "ಉಣ್ಣಾಕ ಹತ್ತೀನಿ, ಬಂದೆ ತಡೀರಿ" ಎನ್ನುತ್ತೇನೆ. ತಡೆಯುತ್ತಾರೆ.